ಬಳಪ ಬರೆದದ್ದು, ಯಜಮಾನರು ಅಚ್ಚು ಹಾಕಿಸಿದ್ದು

ಮಾರ್ಚ್ ೪

ಬಳಪ ಎಂಬ ಹೆಸರಿನ ಅಪ್ಪನಿಗೆ ಸೂಜಿ ಎಂಬ ಹೆಸರಿನ ಮುದುಕಿ ಬರೆಯುವುದು.

ನೀನು ಯಾರ ಮಗನೋ, ವಯಸ್ಸೆಷ್ಟೋ ನನಗೆ ಗೊತ್ತಿಲ್ಲ. ಇಂಟರ್‌ನೆಟ್ಟಿನ ಈ ‘ಕಂಪ್ಯೂಟರ್ ಕಟ್ಟೆ’ಯಲ್ಲಿ ಕಲಿಯುವವರು, ಕಲಿಸುವವರು ಎಲ್ಲರೂ ಇಟ್ಟುಕೊಂಡ ಹೆಸರಿನಲ್ಲೇ ಬರುತ್ತಾರಂತೆ. ನನಗೆ ಸೂಜಿ ಎಂದು ಇಟ್ಟವಳು ಮೊಮ್ಮಗಳು. ಅರ್ಧ ನನ್ನ ಕಸುಬಿಗೆ, ಅರ್ಧ ನನ್ನ ನಾಲಿಗೆಗೆ.

ಐವತ್ತೊಂದು ವರ್ಷದಿಂದ ಬಟ್ಟೆ ಹೊಲಿಯುತ್ತಿದ್ದೇನೆ. ಈ ಬೀದಿಯ ಜನರ ಎದೆ, ಸೊಂಟ, ತೋಳು ಎಲ್ಲ ನನ್ನ ಹದಿನಾಲ್ಕು ಅಳತೆ ಪುಸ್ತಕದಲ್ಲಿ ಬಿದ್ದಿವೆ. ಈಗ ಕಣ್ಣು ಮಂಜು. ಕಂಪ್ಯೂಟರಿನಲ್ಲಾದರೆ ಅಕ್ಷರವನ್ನು ಕುಂಬಳಕಾಯಿಯಷ್ಟು ದಪ್ಪ ಮಾಡಿಕೊಳ್ಳಬಹುದು ಎಂದು ಮೊಮ್ಮಗಳು ತನ್ನ ಹಳೆಯದನ್ನು ಮೇಜಿನ ಮೇಲಿಟ್ಟು, ಕೀಗಳಿಗೆಲ್ಲ ಕನ್ನಡದ ಚೀಟಿ ಅಂಟಿಸಿ, ಆಸ್ಪತ್ರೆಗೆ ಡ್ಯೂಟಿಗೆ ಹೋದಳು. ನಾನು ಒಂದೊಂದೇ ಅಕ್ಷರ ಕುಟ್ಟಿ ನೂರ ಎಂಬತ್ತು ಜನರನ್ನು ಒಳಗೆ ಹಾಕಿದೆ. ನಾನು ಜನರ ಹೆಸರು ಬರೆಯುವವಳಲ್ಲ. ಅಂಚೆಯವನ ಹೆಂಡತಿ, ಬ್ಯಾಂಕಿನ ದಪ್ಪಕ್ಕ, ಗೊಣಗುವ ಮಾವ, ಹೀಗೆ.

ಈಗ ಮೊಮ್ಮಗಳು ಟೈಪ್ ಮಾಡಿ ಹುಡುಕಿದರೆ ಗೊಣಗುವ ಮಾವ ಸಿಗುತ್ತಾನೆ. ಅಂಚೆಯವನ ಹೆಂಡತಿ ಸಿಗುವುದಿಲ್ಲ. ಕಣ್ಣೆದುರಿಗೇ ಇದ್ದಾಳೆ, ಆರನೇ ಸಾಲಿನಲ್ಲಿ. ಇಲ್ಲ ಎನ್ನುತ್ತದೆ ದರಿದ್ರದ್ದು.

ಇದನ್ನು ಕಟ್ಟೆಯಲ್ಲಿ ಕೇಳಿದೆ. ಕಟ್ಟೆ ಕಟ್ಟಿದವನಂತೆ ಆ ‘ಯಜಮಾನ’, ಅವನು ಹೀಗೆ ಬರೆದ: “ಮೊದಲು ನಿಯಮ ಓದಿ ಬನ್ನಿ. ಇದು ಹೊಲಿಗೆ ತರಗತಿ ಅಲ್ಲ. ಅಕ್ಷರವೇ ಬಾರದವರಿಗೆ ಕಂಪ್ಯೂಟರ್ ಯಾಕೆ?” ಬರೆದು ನನ್ನ ಪ್ರಶ್ನೆಗೆ ಬೀಗ ಹಾಕಿಬಿಟ್ಟ. ಅದರ ಕೆಳಗೆ ನಲವತ್ತು ಜನ ನಗುವ ಮುಖ ಒತ್ತಿದ್ದರು. ಎಣಿಸಿದ್ದೇನೆ.

ಆಮೇಲೆ ನಿನ್ನದೊಂದು ಚೀಟಿ ನನಗೊಬ್ಬಳಿಗೇ ಕಾಣುವ ಹಾಗೆ ಒಳಗಿನಿಂದ ಬಂತು. “ಅಜ್ಜಿ, ಬೀಗ ಬಿದ್ದರೆ ಬೀಳಲಿ, ನನಗೆ ಇಲ್ಲಿ ಬರೆಯಿರಿ. ನಿಮ್ಮ ಪ್ರಶ್ನೆ ಒಳ್ಳೆಯದಿದೆ.” ಎಪ್ಪತ್ತೆರಡು ವರ್ಷದಲ್ಲಿ ನನ್ನ ಪ್ರಶ್ನೆ ಒಳ್ಳೆಯದಿದೆ ಎಂದವನು ನೀನೊಬ್ಬ. ಅದಕ್ಕೆ ಬರೆಯುತ್ತಿದ್ದೇನೆ.

ಆ ಯಜಮಾನನನ್ನು ನಾನು ಬಿಡುವುದಿಲ್ಲ ಎಂದೂ ತಿಳಿಸುತ್ತಿದ್ದೇನೆ. ಹಿಂದೊಬ್ಬ ಹೊಲಿಗೆ ಸರಿಯಿಲ್ಲ ಎಂದು ನಾಲ್ಕು ಜನರೆದುರು ಕೋಟು ನನ್ನ ಮುಖಕ್ಕೆ ಎಸೆದ. ಮುಂದಿನ ವರ್ಷ ತಾನೇ ಬಂದ, ಬೇರೆ ಗತಿಯಿರಲಿಲ್ಲ. ಹೊಲಿದು ಕೊಟ್ಟೆ, ಎಡತೋಳು ಅರ್ಧ ಇಂಚು ಗಿಡ್ಡ. ಅವನು ಇವತ್ತಿಗೂ ಯಾಕೆಂದು ತಿಳಿಯದೆ ತೋಳು ಎಳೆದುಕೊಳ್ಳುತ್ತಾ ಓಡಾಡುತ್ತಾನೆ. ನನ್ನ ಸೇಡು ಆ ಜಾತಿಯದು.

ಸೂಜಿ

*

ಮಾರ್ಚ್ ೪

ಅಜ್ಜಿ, ನಮಸ್ಕಾರ.

ಅಂಚೆಯವನ ಹೆಂಡತಿ ಎಲ್ಲೂ ಹೋಗಿಲ್ಲ. ತಪ್ಪು ಸೊನ್ನೆಯದು. ‘ಅ’ ಪಕ್ಕ ಸೊನ್ನೆ ಇಟ್ಟರೆ ‘ಅಂ’ ಎಂದು ಶಾಲೆಯಲ್ಲಿ ಹೇಳಿಕೊಟ್ಟಿದ್ದರಲ್ಲವೇ? ನೀವು ಹಾಗೆಯೇ ಮಾಡಿದ್ದೀರಿ, ನನಗೆ ಬರೆದ ಪತ್ರದಲ್ಲೂ, ಮೇಲಿನ ಸಾಲಿನಲ್ಲಿರುವ ಅಂಕಿಯ ಸೊನ್ನೆ ಒತ್ತಿದ್ದೀರಿ. ಕಣ್ಣಿಗೆ ಎರಡೂ ಒಂದೇ. ಕಂಪ್ಯೂಟರಿಗೆ ಅದು ಅಂಕಿ, ಇದು ಅಕ್ಷರ. ಶಿಫ್ಟ್ ಒತ್ತಿ ಹಿಡಿದು ‘ಮ’ ಚೀಟಿಯ ಕೀ ಒತ್ತಿದರೆ ಅಕ್ಷರದ ಸೊನ್ನೆ ಬರುತ್ತದೆ.

ಅಂಕಿಯ ಸೊನ್ನೆ ಮನೆಗೆ ಬಂದ ನೆಂಟನ ಹಾಗೆ, ಪಕ್ಕದಲ್ಲಿ ಕೂರುತ್ತದೆ. ಅಕ್ಷರದ ಸೊನ್ನೆ ಕೂಸಿನ ಹಾಗೆ, ಸೊಂಟದ ಮೇಲೇ ಇರುತ್ತದೆ. ಅರ್ಥವಾಗದಿದ್ದರೆ ಮತ್ತೆ ಕೇಳಿ. ಎಷ್ಟು ಸಲ ಬೇಕಾದರೂ.

ಯಜಮಾನರ ಮಾತು ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಅವರಿಗೆ ಕೆಲಸ ಜಾಸ್ತಿ.

ಬಳಪ

*

ಮಾರ್ಚ್ ೯

ಬಳಪಪ್ಪಾ,

ಇದು ಹನ್ನೊಂದನೇ ಸಲ ಕೇಳುತ್ತಿರುವುದು. ನಾನೇ ಎಣಿಸಿದ್ದೇನೆ, ನೀನು ಎಣಿಸಿದ ಹಾಗೆ ಕಾಣಲಿಲ್ಲ. ನಾಲ್ಕನೇ ಸಲ ನೀನು ಚಿತ್ರ ಬರೆದು ಕಳಿಸಿದೆ. ಆರನೇ ಸಲ ನಾನು ನಿನ್ನ ಧ್ವನಿಯಾದರೂ ಕೇಳಿಸಿ ಹೇಳು ಎಂದೆ, ಅದೊಂದನ್ನು ಮಾತ್ರ ನೀನು ಒಲ್ಲೆ ಎಂದೆ, ಗಂಟಲು ಸರಿಯಿಲ್ಲವಂತೆ. ಎಂಟನೇ ಸಲ ನನಗೇ ನಾಚಿಕೆಯಾಗಿ ಅರ್ಥವಾಯಿತು ಎಂದು ಸುಳ್ಳು ಬರೆದೆ. “ಅರ್ಥವಾಗಿದ್ದರೆ ಬಾಣದ ಕೀ ಒತ್ತಿ ನೋಡಿ, ‘ಅಂ’ ದಾಟಲು ಎಷ್ಟು ಹೆಜ್ಜೆ ಬಂತು ಹೇಳಿ” ಎಂದೆ ನೀನು. ನಾನು ಸಿಕ್ಕಿಬಿದ್ದೆ.

ನಿನ್ನ ನೆಂಟ, ಕೂಸು ನನಗೆ ಹತ್ತಲೇ ಇಲ್ಲ, ಸುಳ್ಳು ಯಾಕೆ. ಇವತ್ತು ಅಂಗಿಗೆ ಗುಂಡಿ ಹೊಲಿಯುತ್ತಿದ್ದಾಗ ತಟ್ಟನೆ ಹೊಳೆಯಿತು. ಬಟ್ಟೆಯ ಮೇಲೆ ಗುಂಡಿ ಇಟ್ಟರೂ ನೋಡುವವರಿಗೆ ಗುಂಡಿಯೇ, ಹೊಲಿದರೂ ಗುಂಡಿಯೇ. ಅಂಗಿ ಎತ್ತಿ ಕೊಡವಿದಾಗ ತಾನೇ ಯಾವುದು ಹೊಲಿದದ್ದು ಎಂದು ಗೊತ್ತಾಗುವುದು? ಹಾಗಾದರೆ ನನ್ನ ಸೊನ್ನೆಗಳೆಲ್ಲ ಬರೇ ಇಟ್ಟ ಗುಂಡಿಗಳು. ಸರಿಯೋ?

ಬಾಣದ ಕೀ ಒತ್ತಿದೆ. ಎರಡು ಹೆಜ್ಜೆ ಬಂತು. ತಪ್ಪು. ತಿದ್ದಿದೆ. ಒಂದೇ ಹೆಜ್ಜೆ ಬಂತು. ಹುಡುಕಿದೆ. ಬಂದಳು ಅಂಚೆಯವನ ಹೆಂಡತಿ, ಎದೆ ಮೂವತ್ತೆಂಟು, ತೋಳು ಹತ್ತು. ಅವಳು ಬಾಗಿಲಿಗೆ ಬಂದಿದ್ದರೂ ನಾನು ಇಷ್ಟು ಸಂತೋಷಪಡುತ್ತಿರಲಿಲ್ಲ, ಬಾಯಿಬಡುಕಿ.

ಸೂಜಿ

*

ಮಾರ್ಚ್ ೧೦

ಅಜ್ಜಿ,

ಹನ್ನೊಂದು ವರ್ಷದಿಂದ ಈ ಸೊನ್ನೆಯನ್ನು ಸಾವಿರಾರು ಜನರಿಗೆ ವಿವರಿಸಿದ್ದೇನೆ, ಗುಂಡಿಯಷ್ಟು ಚೆನ್ನಾಗಿ ಒಮ್ಮೆಯೂ ಹೇಳಿರಲಿಲ್ಲ. ಇನ್ನು ಮುಂದೆ ಹೊಸಬರಿಗೆಲ್ಲ ನಿಮ್ಮ ಗುಂಡಿಯನ್ನೇ ಹೇಳಲೇ? ನಿಮ್ಮ ಪತ್ರಗಳನ್ನು ಜೋಪಾನವಾಗಿ ತೆಗೆದಿಟ್ಟಿದ್ದೇನೆ. ಮನೆಯಲ್ಲೂ ಒಬ್ಬರಿಗೆ ಓದಿ ಹೇಳಿದೆ, ನಕ್ಕರು.

ಬಳಪ

*

ಜೂನ್ ೨೨

ಬಳಪಪ್ಪಾ,

ಹದಿನಾಲ್ಕೂ ಪುಸ್ತಕ ಮುಗಿಯಿತು. ಆರುನೂರ ಹನ್ನೆರಡು ಜನ ಒಳಗಿದ್ದಾರೆ. ಈಗ ಬಾಗಿಲಿಗೆ ಯಾರು ಬಂದರೂ ಅವರು ಚಪ್ಪಲಿ ಬಿಡುವಷ್ಟರಲ್ಲಿ ಅವರ ಸೊಂಟ ನನ್ನ ಸ್ಕ್ರೀನಿನ ಮೇಲಿರುತ್ತದೆ. ಬ್ಯಾಂಕಿನ ದಪ್ಪಕ್ಕ ಇಣುಕಿ ನೋಡಿ, “ಇದೇನ್ರಿ, ನನ್ನ ಸೊಂಟ ಊರಿಗೆಲ್ಲ ಕಾಣೋ ಹಾಗೆ ಇಟ್ಟಿದೀರಿ” ಅಂದಳು. “ನೀವು ಹೊತ್ತುಕೊಂಡು ತಿರುಗೋದಕ್ಕಿಂತ ಚಿಕ್ಕದಾಗೇ ಇದೆ ಬಿಡಿ” ಅಂದೆ.

ಈ ಮೂರೂವರೆ ತಿಂಗಳಲ್ಲಿ ನಿನಗೆ ಇನ್ನೂರಕ್ಕೆ ಮೇಲೆ ಪ್ರಶ್ನೆ ಕೇಳಿದ್ದೇನೆ. ಒಂದೇ ಒಂದಕ್ಕೂ ನೀನು ‘ಆಗಲೇ ಹೇಳಿದೆನಲ್ಲ’ ಎನ್ನಲಿಲ್ಲ. ನಾನು ಹೆತ್ತವು ನಾಲ್ಕು, ದಿನಕ್ಕೆ ಎರಡು ಸಲ ಅನ್ನುತ್ತವೆ. ಅದಕ್ಕೆ ಕಟ್ಟೆಯಲ್ಲಿ ಎಲ್ಲರಿಗೂ ಕಾಣುವ ಹಾಗೆ ನಿನಗೊಂದು ಕೃತಜ್ಞತೆ ಬರೆಯಬೇಕೆಂದಿದ್ದೇನೆ. ಅದರಲ್ಲಿ ಯಜಮಾನನಿಗೂ ಎರಡು ಸಾಲು ಇರುತ್ತದೆ. ಬರೆದು ಇಟ್ಟಿದ್ದೇನೆ, ಮೊಮ್ಮಗಳು ಓದಿ, “ಅಜ್ಜೀ, ಇದು ಕೃತಜ್ಞತೆಯಾ, ಬೈಗುಳನಾ?” ಅಂದಳು. ಎರಡಕ್ಕೂ ಒಂದೇ ದಾರ ಸಾಕು.

ಇನ್ನೊಂದು. ಅವನಿಗೆ ಬಾರದ್ದು ಏನಾದರೂ ಇದ್ದರೆ ನನಗೆ ಅದನ್ನೇ ಮೊದಲು ಕಲಿಸು.

ಸೂಜಿ

*

ಜೂನ್ ೨೩

ಅಜ್ಜಿ, ಆರುನೂರ ಹನ್ನೆರಡು ಜನಕ್ಕೂ ನನ್ನ ನಮಸ್ಕಾರ.

ದಯವಿಟ್ಟು ಕೃತಜ್ಞತೆ ಹಾಕಬೇಡಿ. ನನಗೆ ಸಂಕೋಚ. ಯಜಮಾನರ ಬಗ್ಗೆಯೂ ಬೇಡ. ನೀವು ಕಲಿತಿರಲ್ಲ, ನನಗೆ ಅಷ್ಟು ಸಾಕು.

ಬಳಪ

*

ನವೆಂಬರ್ ೧೧

ಬಳಪಪ್ಪಾ,

ಕುಡಿಯಲು ನೀರಿದ್ದರೆ ಹತ್ತಿರ ಇಟ್ಟುಕೊಂಡು ಓದು.

ಮೊಮ್ಮಗಳು ಒಂದು ಪುಸ್ತಕ ತಂದಳು. ‘ಅಜ್ಜಿಗೂ ಕಂಪ್ಯೂಟರ್’. ಬರೆದವರು ಯಜಮಾನ, ಕೆಳಗೆ ಅವನ ನಿಜವಾದ ಹೆಸರು, ಗದ್ದಕ್ಕೆ ಕೈ ಕೊಟ್ಟ ಫೋಟೋ. ಆ ಗದ್ದ ನೋಡಿದರೇ ತಿಳಿಯುತ್ತದೆ, ಒಂದು ಪ್ರಶ್ನೆಯನ್ನು ಎರಡನೇ ಸಲ ಕೇಳಿಸಿಕೊಂಡ ಗದ್ದವಲ್ಲ ಅದು.

ನಲವತ್ತೊಂದನೇ ಪುಟ ತೆಗೆದೆ. ನನ್ನ ಪತ್ರ. ನಿನಗೆ ಬರೆದದ್ದು, ಅಂಚೆಯವನ ಹೆಂಡತಿ ಕಾಣೆಯಾದ ಪತ್ರ. ಕೋಟು ಎಸೆದವನ ಭಾಗ ತೆಗೆದಿದ್ದಾನೆ, ಅವನನ್ನೇ ಬೈದ ಭಾಗವಂತೂ ಇಲ್ಲವೇ ಇಲ್ಲ. ಅದರ ಕೆಳಗೆ: “ಈ ಮುಗ್ಧ ಅಜ್ಜಿಗೆ ನಾನು ಹನ್ನೊಂದು ಬಾರಿ ತಾಳ್ಮೆಯಿಂದ ವಿವರಿಸಿದೆ.” ಮುಗ್ಧ ಅಂತೆ. ಮುಂದಿನ ಪುಟದಲ್ಲಿ ನನ್ನ ಗುಂಡಿ. “ಇಟ್ಟ ಗುಂಡಿ, ಹೊಲಿದ ಗುಂಡಿ ಎಂಬ ಹೋಲಿಕೆ ನನಗೆ ಹೊಳೆಯಿತು.” ಹೊಳೆಯಿತಂತೆ ಅವನಿಗೆ. ಅವನ ಅಂಗಿಯ ಮೂರನೇ ಗುಂಡಿ ಫೋಟೋದಲ್ಲೇ ಜೋತಾಡುತ್ತಿದೆ, ಭೂತಗನ್ನಡಿ ಹಿಡಿದು ನೋಡಿದೆ.

ಇನ್ನೂರ ಹತ್ತು ಪುಟ. ಅದರಲ್ಲಿ ನಿನ್ನ ಉತ್ತರ ಅಲ್ಲದ್ದು ಮುನ್ನುಡಿ ಒಂದೇ. ‘ಎಷ್ಟು ಸಲ ಬೇಕಾದರೂ ಕೇಳಿ’ ಎನ್ನುವ ನಿನ್ನ ಮಾತನ್ನು ಹಿಂದಿನ ರಟ್ಟಿನ ಮೇಲೆ ದಪ್ಪಕ್ಷರದಲ್ಲಿ ಹಾಕಿದ್ದಾನೆ.

ಮೊಮ್ಮಗಳು ಅದೇ ಪುಸ್ತಕವನ್ನು ಮೊಬೈಲಿಗೂ ಇಳಿಸಿಕೊಂಡಳು. ಅದರಲ್ಲಿ ಆ ಪುಟದ ‘ಅಂಚೆ’ ಹುಡುಕಿದರೆ ಸಿಗುವುದಿಲ್ಲ. ಗೊತ್ತಾಯಿತಲ್ಲ? ನನ್ನ ಪತ್ರದಲ್ಲಿದ್ದ ಅಂಕಿಯ ಸೊನ್ನೆಗಳು ಹಾಗೇ ಕೂತಿವೆ. ಕದ್ದವನು ಒಮ್ಮೆ ತಿರುಗಿಯೂ ನೋಡಿಲ್ಲ. ಸೊನ್ನೆ ತಿದ್ದುವುದು ಹೇಗೆ ಎಂದು ಹೇಳುವ ಪುಟದ ಪಕ್ಕದ ಪುಟದಲ್ಲೇ ತಿದ್ದದ ಸೊನ್ನೆ. ಇಂಥ ಕಳ್ಳನನ್ನು ನಾನು ಎಲ್ಲೂ ಕಾಣೆ.

ನೀನು ಏನು ಮಾಡುತ್ತೀ ಹೇಳು. ನೀನು ಮಾಡದಿದ್ದರೆ ನಾನು ಮಾಡುತ್ತೇನೆ.

ಸೂಜಿ

*

ನವೆಂಬರ್ ೨೮

ಅಜ್ಜಿ,

ತಡವಾಯಿತು, ಕ್ಷಮಿಸಿ. ಕೆಲಸವಿತ್ತು.

ಪುಸ್ತಕ ನೋಡಿದ್ದೇನೆ. ಉತ್ತರ ಯಾರ ಹೆಸರಿನಲ್ಲಿ ಹೋದರೇನು, ಕಲಿಯುವವರಿಗೆ ಸಿಕ್ಕಿತಲ್ಲ. ನಿಮ್ಮ ಪತ್ರ ಕೇಳದೆ ಹಾಕಿದ್ದು ತಪ್ಪು, ಅದಕ್ಕೆ ನಾನು ಕ್ಷಮೆ ಕೇಳುತ್ತೇನೆ. ಇದನ್ನು ಇಲ್ಲಿಗೇ ಬಿಟ್ಟುಬಿಡಿ.

ಬಳಪ

*

ಡಿಸೆಂಬರ್ ೧

ಬಳಪ,

ಹಿಂದಿನ ‘ಅಪ್ಪಾ’ ವಾಪಸು ತೆಗೆದುಕೊಂಡಿದ್ದೇನೆ.

ಹನ್ನೊಂದು ಸಲ ಕೇಳಿದಾಗ ಹನ್ನೊಂದು ಸಲವೂ ಗಂಟೆಯೊಳಗೆ ಉತ್ತರ ಕೊಟ್ಟವನು ಈಗ ಹದಿನೇಳು ದಿನ ತೆಗೆದುಕೊಂಡೆ. ತೆಗೆದುಕೊಂಡು ಬರೆದದ್ದಾದರೂ ಏನು? ಅವನ ತಪ್ಪಿಗೆ ನೀನು ಕ್ಷಮೆ ಕೇಳಿದೆ. ಯಾರ ಮೂಗಿಗೆ ಯಾರ ಕರವಸ್ತ್ರ ಇದು? ನಾನು ಯೋಚಿಸಿ ನೋಡಿದೆ. ನನ್ನ ಪತ್ರ ಇದ್ದದ್ದು ನಿನ್ನ ಹತ್ತಿರ. ಬೀಗ ಒಡೆದು ಯಾರೂ ಒಯ್ದಿಲ್ಲ. ಕೊಟ್ಟವನು ನೀನೇ. ನೀನು ಅವನ ಚೇಲಾ. ಅವನು ಮುಂದೆ ಬೈಯುವುದು, ನೀನು ಹಿಂದಿನ ಬಾಗಿಲಿನಿಂದ ಬಂದು ಸಮಾಧಾನ ಮಾಡುವುದು, ಇಬ್ಬರೂ ಸೇರಿ ಮುದುಕಿಯರನ್ನು ಹಿಡಿದು ಪುಸ್ತಕಕ್ಕೆ ಹಾಕುವುದು. ಅಲ್ಲ ಎನ್ನು ನೋಡೋಣ.

ಜನವರಿ ಹದಿನೆಂಟಕ್ಕೆ ಆ ಪುಸ್ತಕಕ್ಕೆ ಸನ್ಮಾನವಂತೆ. ‘ಪುಸ್ತಕದ ಅಜ್ಜಿ’ ವೇದಿಕೆಗೆ ಬರಬೇಕಂತೆ, ಕಾರು ಕಳಿಸುತ್ತಾರಂತೆ. ಹೋಗುತ್ತೇನೆ. ನಿಮ್ಮಿಬ್ಬರ ಹೆಸರೂ ಹರಾಜಿಗೆ ಹಾಕಿ ಬರುತ್ತೇನೆ.

ಸೂಜಿ

*

ಡಿಸೆಂಬರ್ ೧

ಅಜ್ಜಿ,

ನಾನು ‘ಅಪ್ಪ’ ಅಲ್ಲ, ಹೆಂಗಸು. ನೀವು ಬಳಪಪ್ಪಾ ಎಂದಾಗಲೆಲ್ಲ ನಗು ಬರುತ್ತಿತ್ತು, ತಿದ್ದಲು ಮನಸ್ಸಾಗುತ್ತಿರಲಿಲ್ಲ. ಗಂಟಲು ಸರಿಯಿಲ್ಲ ಎಂದದ್ದು ಅದಕ್ಕೇ. ನನಗೆ ನಲವತ್ತೆಂಟು ವರ್ಷ. ಯಜಮಾನ ನನ್ನ ಸ್ವಂತ ಅಣ್ಣ.

ನಾನೂ ಮೊದಲು ಕೆಲಸಕ್ಕೆ ಹೋಗುತ್ತಿದ್ದೆ. ಅಮ್ಮ ಹಾಸಿಗೆ ಹಿಡಿದಾಗ ಬಿಟ್ಟೆ. ಅಮ್ಮ ಒಂಬತ್ತು ವರ್ಷ ಮಲಗಿದ್ದರು. ಅವರ ಮಂಚದ ಪಕ್ಕ ಕೂತು ಮಾಡಬಹುದಾದ ಕೆಲಸ ಇದೊಂದೇ ಇತ್ತು, ಗೊತ್ತಿಲ್ಲದವರಿಗೆ ಹೇಳಿಕೊಡುವುದು. ಅಮ್ಮ ಒಂದೇ ಮಾತನ್ನು ದಿನಕ್ಕೆ ಇಪ್ಪತ್ತು ಸಲ ಕೇಳುತ್ತಿದ್ದರು. ಅವರಿಗೆ ಹೇಳಿ ಹೇಳಿ ನನಗೆ ಅಭ್ಯಾಸವಾಯಿತು. ಜನ ಅದನ್ನು ತಾಳ್ಮೆ ಎಂದರು.

ಈಗಲೂ ಅಣ್ಣನ ಮನೆಯ ಮಹಡಿಯ ಕೋಣೆಯಲ್ಲಿದ್ದೇನೆ. ಕಂಪ್ಯೂಟರ್ ಅವನದು, ಕಟ್ಟೆ ಅವನದು. ಪುಸ್ತಕ ಮಾಡೋಣ, ಇಬ್ಬರ ಹೆಸರೂ ಹಾಕೋಣ ಎಂದ. ಹೌದು, ನಿಮ್ಮ ಪತ್ರ ಕೊಟ್ಟವಳು ನಾನೇ. ಪುಸ್ತಕ ಟೈಪ್ ಮಾಡಿದವಳೂ ನಾನೇ. ಮುಖಪುಟ ಬಂದಾಗ ಒಂದೇ ಹೆಸರಿತ್ತು. ಕೇಳಿದೆ. “ಪ್ರಕಾಶಕರು ಒಂದೇ ಹೆಸರಿದ್ರೆ ಚೆನ್ನ ಅಂದ್ರು. ನಮ್ಮನೇದು ತಾನೇ, ಬಿಡು” ಎಂದ. ಅತ್ತಿಗೆ, “ಮನೆಯಲ್ಲಿ ಇರೋಳಿಗೆ ಹೆಸರು ಯಾಕೆ?” ಎಂದರು. ಹಾಸ್ಯಕ್ಕೆ ಎಂದರು ಎಂದುಕೊಂಡೆ.

ನಿಮ್ಮ ಪತ್ರವನ್ನು ಕೇಳದೆ ಕೊಟ್ಟದ್ದಕ್ಕೆ ನೀವು ಬೈದದ್ದು ಸರಿಯೇ. ಆದರೆ ವೇದಿಕೆಯಲ್ಲಿ ನನ್ನ ಹೆಸರು ಎತ್ತಬೇಡಿ. ನನಗಿರುವುದು ಈ ಒಂದು ಕೋಣೆ.

ಬಳಪ

*

ಡಿಸೆಂಬರ್ ೩

ಮಗಳೇ,

ನಲವತ್ತೆಂಟು ವರ್ಷದವಳು ನನ್ನನ್ನು ಅಜ್ಜಿ ಎನ್ನುತ್ತಿದ್ದೀಯಲ್ಲ, ನಾಚಿಕೆಯಾಗಬೇಕು. ಇನ್ನು ಮೇಲೆ ದೊಡ್ಡಮ್ಮ ಅನ್ನು.

ಚೇಲಾ ಎಂದದ್ದು ವಾಪಸು. ಉಳಿದದ್ದು ವಾಪಸಿಲ್ಲ. ಪತ್ರ ಕೊಡುವ ಮುಂಚೆ ಕೇಳಬೇಕಿತ್ತು, ಕೇಳಿದ್ದರೆ ಆ ಕೋಟಿನವನ ಭಾಗವನ್ನು ಇನ್ನೂ ಚೆನ್ನಾಗಿ ಬರೆದು ಕೊಡುತ್ತಿದ್ದೆ.

ನಿನ್ನ ಹೆಸರು ಎತ್ತುವುದಿಲ್ಲ. ನಾನು ಮಾತು ಕೊಟ್ಟರೆ ಅಂಚು ಮಡಚಿ ಹೊಲಿದ ಹಾಗೆ, ದಾರ ಬಿಚ್ಚುವುದಿಲ್ಲ. ಆದರೆ ಅವನನ್ನು ಬಿಡುತ್ತೇನೆ ಎಂದು ನಾನು ಎಲ್ಲೂ ಹೇಳಿಲ್ಲ, ಈ ಪತ್ರವನ್ನು ಇನ್ನೊಮ್ಮೆ ಓದಿಕೋ. ಮೊದಲು ನನ್ನೊಬ್ಬಳ ಸೇಡಿತ್ತು. ಈಗ ಇಬ್ಬರದು. ಬಟ್ಟೆ ಜಾಸ್ತಿ ಸಿಕ್ಕಿದರೆ ದರ್ಜಿಗೆ ಕಷ್ಟವೇನು?

ದೊಡ್ಡಮ್ಮ

*

ಜನವರಿ ೧೯

ಮಗಳೇ,

ನಿನ್ನೆ ನಡೆದದ್ದನ್ನು ನಿನ್ನ ಅಣ್ಣ ಹೇಳಿರುವುದಿಲ್ಲ. ಹೇಳಿದ್ದರೂ ನೆಟ್ಟಗೆ ಹೇಳಿರುವುದಿಲ್ಲ. ನಾನು ಹೇಳುತ್ತೇನೆ.

ಸಭಾಂಗಣ ತುಂಬ ಜನ. ಮುನ್ನೂರಕ್ಕೆ ಕಡಿಮೆಯಿಲ್ಲ, ಹೆಚ್ಚಿನವರು ಕಟ್ಟೆಯವರೇ. ಮನೆಯವರ ಸಾಲಿನಲ್ಲಿ ನಿನ್ನ ವಯಸ್ಸಿನವಳನ್ನು ಕಣ್ಣಲ್ಲೇ ಹುಡುಕಿದೆ. ಬರಲಿಲ್ಲ ನೀನು. ಬರಬೇಡ ಎಂದನೋ, ನೀನೇ ಬರಲಿಲ್ಲವೋ. ನಿನ್ನ ಅಣ್ಣ ನನ್ನ ಕಾಲು ಮುಟ್ಟಿ ನಮಸ್ಕಾರ ಮಾಡಿದ, ಕ್ಯಾಮೆರಾ ಎದುರಿಗಿತ್ತು. ಅದು ಆ ಕಡೆ ತಿರುಗುತ್ತಿದ್ದ ಹಾಗೆ ಅವನೂ ಆ ಕಡೆ ತಿರುಗಿದ.

ನಿರೂಪಣೆ ಮಾಡುವ ಹುಡುಗಿ ನನ್ನ ಕೈಗೆ ಮೈಕು ಕೊಟ್ಟು, “ಅಜ್ಜೀ, ಸರ್ ನಿಮಗೆ ಎಷ್ಟು ತಾಳ್ಮೆಯಿಂದ ಕಲಿಸಿದ್ರು, ಎಲ್ಲರಿಗೂ ಹೇಳಿ” ಅಂದಳು.

“ಹೇಳೋದೇನು ಬಂತು ತಾಯಿ, ತೋರಿಸ್ಬಿಡ್ತೀನಿ. ಆ ಪುಸ್ತಕವನ್ನ ದೊಡ್ಡ ಪರದೆ ಮೇಲೆ ಹಾಕ್ಸು. ನಲವತ್ತೊಂದನೇ ಪುಟ.”

ಹಾಕಿದರು. ಅಕ್ಷರ ಒಂದೊಂದೂ ನನ್ನ ಕತ್ತರಿಯಷ್ಟು ಉದ್ದ. ಅಂಚೆಯವನ ಹೆಂಡತಿ ಗೋಡೆಯ ತುಂಬ ನಿಂತಿದ್ದಳು.

“ಯಜಮಾನಪ್ಪಾ, ಈ ಪುಟದಲ್ಲಿ ಅಂಚೆಯವನ ಹೆಂಡತಿ ಎಲ್ಲಿದಾಳೆ ಅಂತ ಕಂಪ್ಯೂಟರ್ ಹತ್ರ ಹುಡುಕಿಸಿ ತೋರ್ಸು. ನನಗೆ ಮರೆತುಹೋಗಿದೆ.”

ನಗುತ್ತಾ ಬಂದ. ಟೈಪ್ ಮಾಡಿದ. ‘ಸಿಗಲಿಲ್ಲ’ ಎಂದು ಬಂತು. ಇನ್ನೊಮ್ಮೆ ಮಾಡಿದ. ಸಿಗಲಿಲ್ಲ. ಜನ ಮೊದಲು ನಕ್ಕದ್ದು ನನ್ನನ್ನು ನೋಡಿ. ಮೂರನೇ ಸಲ ಸಿಗದಿದ್ದಾಗ ನಗು ಬೇರೆ ಕಡೆ ತಿರುಗಿತು.

“ಯಾಕೆ ಸಿಗ್ತಿಲ್ಲ?” ಅಂದೆ.

“ಈ ಕಂಪ್ಯೂಟರ್ ಹಳೇದು ಅಜ್ಜಿ.”

“ಹಳೇದಾ? ಸರಿ. ಯಾಕೆ ಸಿಗ್ತಿಲ್ಲ?”

“ಸಾಫ್ಟ್‌ವೇರ್ ಏನೋ ತೊಂದರೆ. ಆಮೇಲೆ ನೋಡೋಣ.”

“ಆಗ್ಲಿ. ಯಾಕೆ ಸಿಗ್ತಿಲ್ಲ ಅಂತ ಮುಂದಿನ ಪುಟದಲ್ಲಿ ನೀನೇ ಬರ್ದಿದೀಯಲ್ಲಪ್ಪಾ, ಅದನ್ನಾದ್ರೂ ಓದಿ ಹೇಳು. ನನಗೆ ಕಣ್ಣು ಕಾಣಲ್ಲ.”

ಅವನ ಮುಖ ನೋಡಬೇಕಿತ್ತು ನೀನು. ಪರದೆ ನೋಡುತ್ತಾನೆ, ನನ್ನ ನೋಡುತ್ತಾನೆ, ಮುಂದಿನ ಪುಟ ಎಂದರೆ ಏನೆಂದೇ ಅವನಿಗೆ ಗೊತ್ತಿಲ್ಲ. ತನ್ನ ಪುಸ್ತಕವನ್ನು ಅವನು ಓದಿಯೇ ಇಲ್ಲ ಮಗಳೇ. ನಾನು ಅದೇ ಪ್ರಶ್ನೆಯನ್ನು ನಾಲ್ಕನೇ ಸಲ ಕೇಳಿದೆ, ಬೆಣ್ಣೆಯಂಥ ಧ್ವನಿಯಲ್ಲಿ.

“ರೀ, ಎಷ್ಟು ಸಲ ಹೇಳೋದು ನಿಮಗೆ, ತಲೆಗೆ ಹೋಗಲ್ವಾ? ಸುಮ್ನೆ ಹೋಗಿ ಕೂತ್ಕೊಳ್ಳಿ.”

ಮೈಕು ನನ್ನ ಕೈಯಲ್ಲಿತ್ತು. ನಾನು ಅದನ್ನು ಅವನ ಬಾಯಿಯ ಹತ್ತಿರವೇ ಹಿಡಿದಿದ್ದೆ. ಕೊನೆಯ ಸಾಲಿನವರೆಗೂ ಕೇಳಿಸಿತು.

ನಾನು ಅಂದೆ: “ಇವತ್ತು ಕೇಳಿದ್ದು ನಾಲ್ಕೇ ಸಲ ಅಪ್ಪಾ. ನನಗೆ ಇದನ್ನ ಹೇಳಿಕೊಟ್ಟವರ ಹತ್ರ ಹನ್ನೊಂದು ಸಲ ಕೇಳಿದ್ದೆ. ಅವರು ನನ್ನನ್ನ ಕೂರಿಸ್ಲಿಲ್ಲ.” ಅಷ್ಟೇ ಅಂದದ್ದು. ಯಾರ ಹೆಸರೂ ಎತ್ತಲಿಲ್ಲ. ಹೋಗಿ ಕೂತೆ.

ಆಗ ನಡುವಿನ ಸಾಲಿನಿಂದ ಒಬ್ಬಳು ಎದ್ದಳು, ಔಷಧಿ ಅಂಗಡಿಯವಳಂತೆ. “ಅಜ್ಜೀ, ನಿಮಗೆ ಹೇಳಿಕೊಟ್ಟಿದ್ದು ಬಳಪ ಅಲ್ವಾ? ನನಗೂ ಬಳಪನೇ.” ಅವಳ ಹಿಂದೆ ಬಸ್ಸಿನ ಡ್ರೈವರ್ ಒಬ್ಬ: “ನನಗೂ. ಎರಡು ತಿಂಗಳು ದಿನಾ ಕೇಳಿದೀನಿ.” ಆಮೇಲೆ ಎಷ್ಟು ಜನ ಎದ್ದರು ಎಂದು ನಾನು ಹೇಗೆ ಎಣಿಸಲಿ, ಮಂಜುಗಣ್ಣಿನವಳು. ಮೊಮ್ಮಗಳು ಎಪ್ಪತ್ತರ ತನಕ ಎಣಿಸಿ ಬಿಟ್ಟಳಂತೆ. ಪುಸ್ತಕ ತಿರುವಿ ಹಾಕಿ, ಇದು ನನ್ನ ಪ್ರಶ್ನೆ, ಇದು ಬಳಪ ನನಗೆ ಬರೆದದ್ದು ಎಂದು ಒಬ್ಬರಿಗೊಬ್ಬರು ತೋರಿಸುತ್ತಿದ್ದರು. ನಿನ್ನ ಅಣ್ಣ ಹೂಮಾಲೆ ಹಾಕಿಕೊಂಡು ಪರದೆಯ ಮುಂದೆ ನಿಂತಿದ್ದ.

ನನ್ನನ್ನು ವಾಪಸು ಬಿಡಲು ಕಾರು ಬರಲಿಲ್ಲ. ಬಸ್ಸಿನಲ್ಲಿ ಬಂದೆ. ಇಷ್ಟು ಸುಖವಾದ ಪ್ರಯಾಣ ನಾನು ಮಾಡಿಲ್ಲ.

ಮಾತು ತಪ್ಪಿದ್ದೇನೆಯೇ ಹೇಳು.

ದೊಡ್ಡಮ್ಮ

*

ಫೆಬ್ರವರಿ ೮

ದೊಡ್ಡಮ್ಮ,

ಇಪ್ಪತ್ತು ದಿನ ಉತ್ತರಿಸಲಿಲ್ಲ. ಮೊದಲ ಹತ್ತು ದಿನ ನಿಮ್ಮ ಮೇಲೆ ಕೋಪವಿತ್ತು. ನೀವು ಮಾತು ತಪ್ಪಲಿಲ್ಲ, ನಿಜ. ಆದರೂ ಈ ಮನೆಯ ಮೆಟ್ಟಿಲು ಹತ್ತಿ ಇಳಿಯುವವಳು ನಾನು, ಬಸ್ಸು ಹತ್ತಿ ಹೋದವರು ನೀವು.

ಅಣ್ಣ ಮನೆಗೆ ಬಂದು ಒಂದೇ ಮಾತು ಕೇಳಿದ. “ಆ ಮುದುಕಿಗೆ ನೀನೇ ಹೇಳಿಕೊಟ್ಟಿದ್ದಾ ಇದನ್ನ?” ಇಲ್ಲ ಎಂದೆ. ಅದು ನಿಜವೇ. ಆಮೇಲೆ ಅತ್ತಿಗೆ, “ಉಪ್ಪು ತಿಂದ ಮನೆ” ಎಂದು ಶುರು ಮಾಡಿದರು. ಈ ಮನೆಯಲ್ಲಿ ಉಪ್ಪು ಹಾಕಿ ಅಡುಗೆ ಮಾಡಿದವಳೂ ನಾನೇ ಅತ್ತಿಗೆ, ಎಂದೆ. ಕೋಣೆ ಬಿಡು ಎಂದು ಯಾರೂ ಹೇಳಲಿಲ್ಲ. ಯಾಕೆಂದು ನಿಧಾನಕ್ಕೆ ತಿಳಿಯಿತು. ಪುಸ್ತಕ ಓದಿದವರು ಅಣ್ಣನಿಗೆ ಪ್ರಶ್ನೆ ಬರೆಯುತ್ತಿದ್ದಾರೆ, ದಿನಕ್ಕೆ ಮೂವತ್ತು, ನಲವತ್ತು. ಎಷ್ಟು ಸಲ ಬೇಕಾದರೂ ಕೇಳಿ ಎಂದು ರಟ್ಟಿನ ಮೇಲೇ ಹಾಕಿಕೊಂಡಿದ್ದಾನಲ್ಲ. ಅವುಗಳನ್ನೆಲ್ಲ ಮುದ್ರಿಸಿ ತಂದು ನನ್ನ ಮೇಜಿನ ಮೇಲಿಟ್ಟ. ನಾನು ಕಟ್ಟನ್ನು ಬಿಚ್ಚದೆ ಅವನ ಮೇಜಿನ ಮೇಲೆ ವಾಪಸಿಟ್ಟೆ. “ನಿನಗೆ ಬಂದ ಪತ್ರ ಅಣ್ಣಾ, ನೀನೇ ಬರಿ.”

ನಾಲ್ಕು ದಿನದ ಹಿಂದೆ ಕಟ್ಟೆಗೆ ‘ಹೊಸಬ’ ಎಂಬ ಹೆಸರಿನವರು ಬಂದು ಒಂದು ಪ್ರಶ್ನೆ ಹಾಕಿದ್ದಾರೆ. ಬರೆದ ಪುಟಗಳಿಗೆ ತಾನಾಗಿ ಸಂಖ್ಯೆ ಬರುವಂತೆ ಮಾಡುವುದು ಹೇಗೆ ಎಂದು. ಆ ಕಟ್ಟಿನ ಮೇಲಿದ್ದ ಮೊದಲ ಪ್ರಶ್ನೆಯೇ ಅದು. ಪ್ರತಿ ವಾಕ್ಯದ ಕೊನೆಗೆ ಎರಡು ಚುಕ್ಕೆ ಇಡುವುದು ಅಣ್ಣನ ಅಭ್ಯಾಸ, ಚಿಕ್ಕಂದಿನಿಂದ. ಹೊಸಬನ ಪ್ರಶ್ನೆಯಲ್ಲೂ ಅದೇ ಎರಡು ಚುಕ್ಕೆ. ಹನ್ನೊಂದು ವರ್ಷದಲ್ಲಿ ನಾನು ಉತ್ತರ ಕೊಡದೆ ಬಿಟ್ಟ ಮೊದಲ ಪ್ರಶ್ನೆ ಅದು. ದಿನಾ ತೆರೆದು ನೋಡುತ್ತೇನೆ, ಮುಚ್ಚುತ್ತೇನೆ. ಎಷ್ಟು ಹಿತವಾಗಿದೆ ಎಂದು ಹೇಳಲು ನನಗೆ ನಾಚಿಕೆ.

ಇನ್ನೊಂದು ಹೇಳಬೇಕು. ನಿಮ್ಮ ಪತ್ರದ ಸೊನ್ನೆಗಳನ್ನು ಅಣ್ಣ ನೋಡದೆ ಬಿಟ್ಟ ಎಂದುಕೊಂಡಿದ್ದೀರಿ. ಹಾಗಲ್ಲ. ಟೈಪ್ ಮಾಡುವಾಗ ಎಲ್ಲವನ್ನೂ ತಿದ್ದಿದ್ದೆ. ಮುಖಪುಟದಲ್ಲಿ ಒಂದೇ ಹೆಸರು ಕಂಡ ದಿನ, ಅಚ್ಚಿಗೆ ಹೋಗುವ ಮುಂಚೆ, ಒಂದೊಂದಾಗಿ ಕೆಡಿಸಿ ನೀವು ಒತ್ತಿದ ಹಾಗೆಯೇ ಇಟ್ಟೆ. ಯಾರಿಗಾದರೂ ಕಾಣುತ್ತದೆ ಎಂದು ನನಗೆ ನಂಬಿಕೆಯಿರಲಿಲ್ಲ. ಇರಲಿ ಎನಿಸಿತು.

ಆ ಹೊಸಬನಿಗೆ ಏನು ಮಾಡಲಿ?

ಬಳಪ

*

ಫೆಬ್ರವರಿ ೯

ಮಗಳೇ,

ಎಡತೋಳು ಅರ್ಧ ಇಂಚು. ನಿನಗೆ ನಾನು ಕಲಿಸುವುದೇನೂ ಉಳಿದಿಲ್ಲ.

ಹೊಸಬನಿಗೆ ನೀನು ಏನೂ ಮಾಡಬೇಡ. ಇವತ್ತು ಬೆಳಿಗ್ಗೆ ನಾನೇ ಉತ್ತರ ಬರೆದೆ. ಪುಟದ ಸಂಖ್ಯೆ ಹಾಕುವುದನ್ನು ನೀನು ನನಗೆ ಆಗಸ್ಟಿನಲ್ಲಿ ಹೇಳಿಕೊಟ್ಟಿದ್ದೆ. ಅಪ್ಪಾ, ಕಂದಾ ಎಂದೇ ಬರೆದೆ, ಒಂದು ಗಟ್ಟಿ ಮಾತಿಲ್ಲ. ಅರ್ಧ ಹೇಳಿಕೊಟ್ಟೆ. “ಉಳಿದ ಅರ್ಧಕ್ಕೆ ಮೊದಲು, ನಿನ್ನ ಸ್ವಂತ ಹೆಸರಿನಲ್ಲಿ ಬಂದು, ಆ ಪುಸ್ತಕ ಬರೆದವರು ಯಾರು ಎಂದು ಎಲ್ಲರಿಗೂ ಕಾಣುವ ಹಾಗೆ ಒಂದು ಸಾಲು ಬರಿ” ಎಂದೆ.

ಹತ್ತು ನಿಮಿಷಕ್ಕೆ ‘ಹೊಸಬ’ ಹೊರಟುಹೋದ. ಆ ಹೆಸರಿನ ಜಾಗದಲ್ಲಿ ‘ಯಜಮಾನ ಬರೆಯುತ್ತಿದ್ದಾರೆ’ ಎಂದು ಬಂತು. ಆಗಿನಿಂದ ಹಾಗೇ ಇದೆ. ಬರೆಯುತ್ತಾನೆ, ಅಳಿಸುತ್ತಾನೆ, ಬರೆಯುತ್ತಾನೆ. ನಾನು ಅಕ್ಷರವನ್ನು ದಪ್ಪ ಮಾಡಿ, ಸ್ಕ್ರೀನನ್ನು ಹೊಲಿಗೆ ಮೆಷಿನ್ನಿನ ಕಡೆ ತಿರುಗಿಸಿಟ್ಟುಕೊಂಡಿದ್ದೇನೆ.

ನನಗೇನೂ ಅವಸರವಿಲ್ಲ. ಗುಂಡಿಯ ತೂತಿಗೆ ಕಾಜಾ ಹಾಕಲು ಎಂಟು ಅಂಗಿ ಇದೆ.

ದೊಡ್ಡಮ್ಮ